ಗಾಜಿನ ಗೂಡಿನ ಜಾಗಕ್ಕೂ ಬೆಲೆಯುಂಟು

ಸರಕು ಸಾಗಿಸುವ ಲಾರಿ ಅರ್ಧ ತುಂಬಿ ಹೊರಟರೆ ನಮ್ಮ ವರ್ತಕ ಬಾಂಧವರಿಗೆ ಸಂಕಟವಾಗುತ್ತದೆ. ಆದರೆ ಗಾಜಿನ ಹಾಳೆಗಳನ್ನು ಬೆಸೆದು ಅಲಂಕಾರ ವಸ್ತುಗಳನ್ನು ತಯಾರಿಸುವ ಸಣ್ಣ ಘಟಕಗಳಲ್ಲಿ ವಿದ್ಯುತ್ ಗೂಡು ಅರೆಬರಿದಾಗಿ ಕಾದರೆ, ಅದನ್ನು ನಷ್ಟವೆಂದು ಪರಿಗಣಿಸುವವರು ವಿರಳ.

ಇಂತಹ ಘಟಕವೊಂದರ ಮಾಲೀಕರು ಹಿಂದೊಮ್ಮೆ ಲೆಕ್ಕಪತ್ರಗಳೊಂದಿಗೆ ನನ್ನ ಕಚೇರಿಗೆ ಬಂದಿದ್ದರು. ಮಾರಾಟ ಏರುತ್ತಿತ್ತು, ಲಾಭ ಇಳಿಯುತ್ತಿತ್ತು. ಪುಸ್ತಕಗಳಲ್ಲಿ ದೋಷವಿರಲಿಲ್ಲ, ದೋಷವಿದ್ದುದು ಗೂಡಿನೊಳಗೆ. ಬೇಡಿಕೆ ಬಂದ ದಿನವೇ ಒಂದೊಂದು ಫಲಕವನ್ನಿಟ್ಟು ಗೂಡು ಕಾಯಿಸುವುದು ಅವರ ರೂಢಿಯಾಗಿತ್ತು.

ವೆಚ್ಚದ ಸ್ವರೂಪ

ಗಾಜು ಪೂರ್ಣವಾಗಿ ಬೆಸೆಯಲು ಸುಮಾರು 800 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಬಳಿಕ ಒಳಒತ್ತಡ ಉಳಿಯದಂತೆ ನಿಧಾನವಾಗಿ ತಣಿಸಬೇಕು. ಇದಕ್ಕೆ ಅನೀಲಿಂಗ್ ಎಂದು ಹೆಸರು. ವಿದ್ಯುತ್ತಿನ ಬಹುಪಾಲು ಗೂಡಿನ ಗೋಡೆ ಹಾಗೂ ಷೆಲ್ಫನ್ನು ಕಾಯಿಸುವುದಕ್ಕೇ ವ್ಯಯವಾಗುವುದರಿಂದ, ಒಂದು ವಸ್ತುವಿಟ್ಟರೂ ಎಂಟು ಇಟ್ಟರೂ ವೆಚ್ಚದಲ್ಲಿ ಹೆಚ್ಚು ಅಂತರವಿಲ್ಲ. ವಿದ್ಯುತ್ತಿಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಆ ಬಿಲ್ಲಿನ ಮೇಲೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಕೂಡ ದೊರೆಯದು. ಅದು ಪೂರ್ತಿಯಾಗಿ ಉದ್ಯಮಿಯ ತಲೆಯ ಮೇಲೆಯೇ ಬೀಳುವ ವೆಚ್ಚ.

ಒಂದು ಉದಾಹರಣೆ

ಷೆಲ್ಫಿನ ಅಳತೆ 50 x 50 ಸೆಂ.ಮೀ., ಒಂದು ಸುಡುವಿಕೆಯ ವೆಚ್ಚ 800 ರೂ. ಎಂದಿಟ್ಟುಕೊಳ್ಳೋಣ. 30 ಸೆಂ.ಮೀ. ಚೌಕದ ಫಲಕವೊಂದನ್ನೇ ಮಧ್ಯದಲ್ಲಿಟ್ಟರೆ ಅದೊಂದೇ 800 ರೂ. ಹೊರಬೇಕು. ಅದನ್ನೇ ಒಂದು ಮೂಲೆಗೆ ಸರಿಸಿ, ಅಂಚಿನಲ್ಲಿ 1 ಸೆಂ.ಮೀ., ವಸ್ತುಗಳ ನಡುವೆ 1.2 ಸೆಂ.ಮೀ. ಅಂತರ ಬಿಟ್ಟರೂ, ಉಳಿದ ಜಾಗದಲ್ಲಿ 10 ಸೆಂ.ಮೀ. ಚೌಕದ ಏಳು ಕೋಸ್ಟರ್‌ಗಳು ಹಿಡಿಯುತ್ತವೆ.

ಆಗ ವೆಚ್ಚವನ್ನು ಹಂಚುವ ಬಗೆ ಹೇಗೆ? ಎಂಟು ವಸ್ತುಗಳಿಗೆ ತಲಾ 100 ರೂ. ಎಂದರೆ ಚಿಕ್ಕ ಕೋಸ್ಟರ್‌ಗೂ ದೊಡ್ಡ ಫಲಕಕ್ಕೂ ಒಂದೇ ಹೊರೆ ಬೀಳುತ್ತದೆ. ಆಕ್ರಮಿಸಿದ ವಿಸ್ತೀರ್ಣದಂತೆ ಹಂಚುವುದೇ ನ್ಯಾಯ: ಫಲಕಕ್ಕೆ 450 ರೂ., ಕೋಸ್ಟರ್ ಒಂದಕ್ಕೆ 50 ರೂ. ದರ ನಿಗದಿಗೆ ಇದೇ ಆಧಾರವಾಗಬೇಕು.

ವರ್ಷಾಂತ್ಯದ ದಾಸ್ತಾನಿಗೂ ಒಂದು ಎಚ್ಚರಿಕೆ ಅಗತ್ಯ. ಲೆಕ್ಕಪತ್ರ ಮಾನಕ-2ರಂತೆ ಉತ್ಪಾದನೆಯ ಸ್ಥಿರ ಮೇಲುವೆಚ್ಚಗಳನ್ನು ಸಾಮಾನ್ಯ ಉತ್ಪಾದನಾ ಸಾಮರ್ಥ್ಯದ ಆಧಾರದಲ್ಲಿ ಹಂಚಬೇಕು. ಗೂಡು ಬರಿದಾಗಿದ್ದ ಕಾರಣ ಹಂಚದೆ ಉಳಿದ ಭಾಗವನ್ನು ದಾಸ್ತಾನಿನ ಬೆಲೆಗೆ ಸೇರಿಸುವಂತಿಲ್ಲ. ಆ ವರ್ಷದ ಖರ್ಚಾಗಿಯೇ ತೋರಿಸಬೇಕು.

ಅತಿ ಆಸೆ ಗತಿ ಕೇಡು

ಹಾಗೆಂದು ಗೂಡನ್ನು ಮನಬಂದಂತೆ ತುಂಬುವುದೂ ಸಲ್ಲದು. ಕರಗಿದ ಗಾಜು ತಾನಾಗಿಯೇ ಸುಮಾರು 6 ಮಿ.ಮೀ. ದಪ್ಪಕ್ಕೆ ಬಂದು ನಿಲ್ಲಲು ಹವಣಿಸುತ್ತದೆ. 3 ಮಿ.ಮೀ.ನ ಎರಡು ಹಾಳೆ ಪೇರಿಸಿದರೆ ಆಕಾರ ಹೆಚ್ಚುಕಡಿಮೆ ಉಳಿಯುತ್ತದೆ. ಮೂರು ಪೇರಿಸಿದರೆ ಪಕ್ಕಕ್ಕೆ ಹರಡಿ ನೆರೆಯ ವಸ್ತುವಿಗೆ ಅಂಟುತ್ತದೆ. ದಪ್ಪ ಹೆಚ್ಚಿದಂತೆ ತಣಿಸುವ ಅವಧಿಯೂ ಬಹಳ ಹೆಚ್ಚುವುದರಿಂದ, ಒಂದೇ ದಪ್ಪದವುಗಳನ್ನು ಒಟ್ಟಿಗೆ ಇಡುವುದೇ ಲೇಸು. ಕಿಟಕಿಯ ಗಾಜಿಗೆ ಬೆಸುಗೆಯ ಬಣ್ಣದ ಗಾಜಿಗಿಂತ ಹೆಚ್ಚು ಶಾಖ ಬೇಕಾದ್ದರಿಂದ ಅವೆರಡನ್ನೂ ಒಂದೇ ಸರದಿಯಲ್ಲಿ ಸುಡಬಾರದು. ಕಾಯಿಸುವ ತಂತಿಗಳು ಮುಚ್ಚಳದಲ್ಲಿ ಮಾತ್ರ ಇರುವ ಗೂಡಿನಲ್ಲಿ ಎರಡನೆಯ ಅಂತಸ್ತು ಹೂಡಿದರೆ ಕೆಳಗಿನದಕ್ಕೆ ಶಾಖ ಸಾಲದು.

ಕೊನೆಯದಾಗಿ, ಜಾಗವಿದೆಯೆಂದು ಮಾರಾಟವಾಗದ ಸರಕನ್ನು ತಯಾರಿಸಿದರೆ ಗೂಡಿನ ನಷ್ಟ ಕಪಾಟಿಗೆ ವರ್ಗವಾಗುತ್ತದೆ, ಅಷ್ಟೆ. ಸದಾ ಬೇಡಿಕೆಯುಳ್ಳ ಚಿಕ್ಕ ವಸ್ತುಗಳ ಪಟ್ಟಿಯೊಂದು ಗೂಡಿನ ಪಕ್ಕದಲ್ಲಿರಲಿ. ಪ್ರತಿ ಸುಡುವಿಕೆಯ ದಿನಾಂಕ, ವಿದ್ಯುತ್ ಯೂನಿಟ್, ಬಳಸಿದ ವಿಸ್ತೀರ್ಣ ಹಾಗೂ ಒಡೆದ ವಸ್ತುಗಳ ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮೇಲೆ ಹೇಳಿದ ಮಾಲೀಕರು ಮಾಡಿದ್ದೂ ಇಷ್ಟೇ. ಹೊಸ ಗೂಡಿಗಾಗಿ ಸಾಲ ಪಡೆಯುವ ಆಲೋಚನೆಯನ್ನು ಅವರು ಕೈಬಿಟ್ಟರು. ಇದ್ದ ಗೂಡಿನಲ್ಲೇ ಜಾಗವಿತ್ತು.