ಬೀಟೆ ಮರವೂ ಮೊರದ ಲೆಕ್ಕವೂ

ವಯನಾಡಿನ ಮುಟ್ಟಿಲ್ ಬೀಟೆ ಪ್ರಕರಣ ಹಲವರಿಗೆ ನೆನಪಿರಬಹುದು. 2020ರ ಅಕ್ಟೋಬರಿನಲ್ಲಿ ಕೇರಳದ ಕಂದಾಯ ಇಲಾಖೆ ಹೊರಡಿಸಿದ ಆದೇಶವೊಂದನ್ನು ಮುಂದಿಟ್ಟುಕೊಂಡು, ಹಿಂದೆ ರೈತರಿಗೆ ಹಂಚಿದ್ದ ಜಮೀನುಗಳಲ್ಲಿ ನಿಂತಿದ್ದ ಬೀಟೆಗಳನ್ನು ಉರುಳಿಸಿದರು. 2021ರಲ್ಲಿ ಅದು ಹಗರಣವಾಗಿ ಹೊರಬಿತ್ತು. ಪೀಚಿಯ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ಲೆಕ್ಕ ಹಾಕಿದಾಗ ಕೆಲವು ಮರಗಳ ವಯಸ್ಸು ಮುನ್ನೂರು ವರ್ಷ ದಾಟಿತ್ತು. ಈ ಸುದ್ದಿಯನ್ನು ಹಿಂಬಾಲಿಸುತ್ತಿದ್ದ ಗುಂಡ್ಲುಪೇಟೆ ಕಡೆಯ ಓದುಗರೊಬ್ಬರ ಪ್ರಶ್ನೆ ಹೀಗಿದೆ: ಮಗಳಿಗೆ ಪುಟ್ಟ ಗಿಟಾರಿನಂಥ ಯುಕುಲೇಲಿ ಕೊಳ್ಳಬೇಕು, ಬೀಟೆಯದಾದರೆ ನಾದವೇ ಬೇರೆ ಎಂದು ಅಂಗಡಿಯವರು ಹೇಳುತ್ತಾರೆ, ಬೆಲೆಯಂತೂ ದುಪ್ಪಟ್ಟು. ನಾದ ನಿಜವಾಗಿ ಬೇರೆಯೆ?

ಬೇರೆ ಇರಬಹುದು. ಆದರೆ ಅದಕ್ಕೆ ಕಾರಣ ಬೀಟೆಯೇ ಎನ್ನುವುದು ಅನುಮಾನ.

ತಂತಿಯೊಂದನ್ನೇ ಎರಡು ಮೊಳೆಗಳ ನಡುವೆ ಬಿಗಿದು ಮೀಟಿ ನೋಡಿ. ಪಕ್ಕದ ಕೋಣೆಗೂ ಕೇಳಿಸದು. ಒಲೆಯ ಮುಂದೆ ದಾರ ಬೀಸಿದರೆ ಕೆಂಡ ಉರಿದೀತೆ? ಮೊರ ಬೇಕು. ಯುಕುಲೇಲಿ, ಗಿಟಾರು, ಪಿಟೀಲುಗಳ ಮೇಲುಹಲಗೆಯೇ ಆ ಮೊರ. ತಂತಿಯ ಅದುರು, ತಂತಿ ಕೂರುವ ‘ಕುದುರೆ’ಯ (ಬ್ರಿಜ್) ಮೂಲಕ ಹಲಗೆಗೆ ಇಳಿಯುತ್ತದೆ, ಹಲಗೆ ಗಾಳಿಯನ್ನು ಬೀಸುತ್ತದೆ. ಒಳ್ಳೆಯ ಮೊರ ಹೇಗಿರಬೇಕೆಂದು ನಮ್ಮ ಮನೆಗಳಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಅಗಲವಾಗಿರಬೇಕು, ಹಗುರವಾಗಿರಬೇಕು, ಬೀಸಿದಾಗ ಬಳುಕಬಾರದು. ಭಾರವಾದರೆ ಕೈ ಸೋಲುತ್ತದೆ, ಬಳುಕಿದರೆ ಗಾಳಿ ಹುಟ್ಟುವುದಿಲ್ಲ. ಹಗುರವೂ ಗಡುಸೂ ಆದ ವಸ್ತು ಅಪರೂಪವಾದ್ದರಿಂದ ಮೊರ ಹೆಣೆಯುವವರು ತೆಳ್ಳಗೆ ಸೀಳಿದ ಬಿದಿರನ್ನು ನೆಯ್ದು, ಅಂಚಿಗೆ ದಪ್ಪ ಕಟ್ಟು ಕಟ್ಟುತ್ತಾರೆ. ವಾದ್ಯ ಮಾಡುವವರು ಸ್ಪ್ರೂಸ್ ಎಂಬ ಹಗುರ ಮರದ ತೆಳ್ಳಗೆ ಹೆರೆದ ಹಲಗೆಯ ಒಳಮೈಗೆ ಸಣ್ಣ ಪಟ್ಟಿಗಳನ್ನು ಅಂಟಿಸುತ್ತಾರೆ. ಎರಡು ಕಡೆಯೂ ಲೆಕ್ಕ ಒಂದೇ. ಸ್ಪ್ರೂಸಿನ ಸಾಂದ್ರತೆ ಘನ ಮೀಟರಿಗೆ 425 ಕಿಲೋದ ಆಸುಪಾಸು, ಬೀಟೆಯದು ಸುಮಾರು 830. ಬೀಟೆಯ ಮೊರದಿಂದ ಬೀಸುವವರು ಯಾರೂ ಇಲ್ಲ. ಅದನ್ನು ಬಳಸುವುದು ವಾದ್ಯದ ಬೆನ್ನಿಗೆ, ಪಕ್ಕಗಳಿಗೆ.

ಬೆನ್ನಿನ ಮರಕ್ಕೆ ನಾದದಲ್ಲಿ ಎಷ್ಟು ಪಾಲು? ಸ್ಪೇನಿನ ಆಂತೋನಿಯೊ ದೆ ತೋರೆಸ್ ಇದಕ್ಕೆ ತರಲೆ ಎನ್ನಬಹುದಾದ ಉತ್ತರ ಕೊಟ್ಟ. ಇಂದಿನ ಗಿಟಾರಿಗೆ ಅದರ ರೂಪ ಕೊಟ್ಟವನು ಅವನೇ. 1862ರಲ್ಲಿ ಅವನೊಂದು ಗಿಟಾರು ಮಾಡಿದ. ಮೇಲುಹಲಗೆ ಒಳ್ಳೆಯ ಮರದ್ದು, ಬೆನ್ನು ಮತ್ತು ಪಕ್ಕಗಳು ಕಾಗದದ ತಿರುಳಿನವು! ನುಡಿಸಿದವರು ಅದನ್ನು ಮೆಚ್ಚಿದರು. ಆ ಗಿಟಾರು ಇಂದಿಗೂ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ.

ಒಂದು ವಾದ್ಯ ಪುರಾವೆಯಲ್ಲ ಎನ್ನುವವರಿಗೆ 2018ರ ಪ್ರಯೋಗ ಇದೆ. ಇಂಗ್ಲೆಂಡಿನ ಲಂಕಾಸ್ಟರ್ ವಿಶ್ವವಿದ್ಯಾಲಯದ ತಂಡ ಕುಶಲಿ ರೋಜರ್ ಬಕ್ನಲ್‌ರಿಂದ ಒಂದೇ ವಿನ್ಯಾಸದ ಆರು ಗಿಟಾರುಗಳನ್ನು ಮಾಡಿಸಿತು. ಬೆನ್ನು, ಪಕ್ಕಗಳ ಮರ ಮಾತ್ರ ಬೇರೆ ಬೇರೆ: ಬ್ರೆಜಿಲಿನ ಬೀಟೆ, ನಮ್ಮ ಬೀಟೆ, ಮಹಾಗನಿ, ಮೇಪಲ್, ಸಪೆಲಿ, ವಾಲ್ನಟ್. ಮಬ್ಬು ಬೆಳಕಿನಲ್ಲಿ, ವೆಲ್ಡಿಂಗ್ ಕನ್ನಡಕ ತೊಡಿಸಿ, 52 ವಾದಕರ ಕೈಗೆ ಕೊಟ್ಟರು. ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಅಗ್ಗದ ಮರವೂ ಅಪರೂಪದ ಮರವೂ ಒಂದೇ ಸಾಲಿನಲ್ಲಿ ನಿಂತವು. ಮಾರಾಟದ ಹಾಳೆಗಳಲ್ಲಿ ‘ಬೆಚ್ಚನೆಯ’, ‘ಆಳವಾದ’ ಎಂಬ ಗುಣವಾಚಕಗಳು ಮಾತ್ರ ಆಮೇಲೂ ಕಡಿಮೆಯಾಗಲಿಲ್ಲ.

ಹಾಗಾದರೆ ಬೀಟೆಗೆ ಈ ಪಟ್ಟ ಬಂದದ್ದು ಹೇಗೆ? ಒಂದು ಕಾರಣ ಕಿವಿಯದೇ. ಒಣಗಿದ ಬೀಟೆ ಹಲಗೆಯನ್ನು ಎರಡು ಬೆರಳಲ್ಲಿ ತೂಗಿಹಿಡಿದು ಗೆಣ್ಣಿನಿಂದ ತಟ್ಟಿದರೆ ಕಂಚು ತಟ್ಟಿದಂತೆ ಮೊಳಗುತ್ತದೆ. ಅದುರಿನ ಶಕ್ತಿಯನ್ನು ಅದು ಬೇಗ ನುಂಗುವುದಿಲ್ಲ. ಕೊಳ್ಳುವವರ ಮನಸ್ಸು ಅಲ್ಲೇ ಅರ್ಧ ಸೋತಿರುತ್ತದೆ. ಬಿಡಿ ಹಲಗೆ ಮೊಳಗಿತೆಂದರೆ ನಾಲ್ಕೂ ಅಂಚಿಗೆ ಅಂಟು ಹಾಕಿ ಎದೆಗೊತ್ತಿಕೊಂಡಾಗಲೂ ಹಾಗೇ ಮೊಳಗುತ್ತದೆಂದು ಅರ್ಥವಲ್ಲ. ಇನ್ನೊಂದು ಕಾರಣ ವ್ಯಾಪಾರದ್ದು. 1960ರ ದಶಕದ ಕೊನೆಗೆ ಬ್ರೆಜಿಲ್ ತನ್ನ ಬೀಟೆಯ ದಿಮ್ಮಿಗಳ ರಫ್ತಿಗೆ ತಡೆಯೊಡ್ಡಿತು. ಗಿಟಾರು ಮಾಡುವ ಅಮೆರಿಕದ ಮಾರ್ಟಿನ್ ಕಂಪನಿ 1969ರ ಹೊತ್ತಿಗೆ ದಕ್ಷಿಣ ಭಾರತದ ಬೀಟೆಗೆ ಹೊರಳಿತು, ಉಳಿದವರು ಹಿಂಬಾಲಿಸಿದರು. ಅಲ್ಲಿಂದ ಪಶ್ಚಿಮಘಟ್ಟದ ಮರ ಜಗತ್ತಿನ ಗಿಟಾರುಗಳ ಬೆನ್ನಾಯಿತು. ಬೀಟೆಯ ಬಹುತೇಕ ಇಡೀ ಕುಲ 2017ರ ಜನವರಿ 2ರಂದು ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಗೆ ಸೇರಿದಾಗ ವಾದ್ಯಗಾರರು ಗೋಳಿಟ್ಟರು. 2019ರ ನವೆಂಬರಿನಿಂದ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು.

ನಾದವನ್ನು ಹುಡುಕಬೇಕಾದದ್ದು ಮರದ ಹೆಸರಿನಲ್ಲಿ ಅಲ್ಲ, ಹತ್ತರಿಯ ಬಾಯಿಂದ ಸುರುಳಿಯಾಗಿ ಬೀಳುವ ಹೊಟ್ಟಿನಲ್ಲಿ ಎನ್ನುವುದು ನನ್ನ ವಾದ. ಹಲಗೆಯ ಗಡುಸುತನ ಅದರ ದಪ್ಪದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. 2 ಮಿಲಿಮೀಟರಿನ ಹಲಗೆಯನ್ನು 1.8ಕ್ಕೆ ಇಳಿಸಿದರೆ ತೂಕ ಇಳಿಯುವುದು ಶೇ 10, ಗಡುಸುತನ ಇಳಿಯುವುದು ಶೇ 27. ಅಷ್ಟು ವ್ಯತ್ಯಾಸಕ್ಕೆ ಹತ್ತರಿಯನ್ನು ಕೆಲವು ಸಲ ಎಳೆದರೆ ಸಾಕು. ವಾದ್ಯ ಚಿಕ್ಕದಾದಷ್ಟೂ ಈ ಲೆಕ್ಕ ಬಿಗಿಯಾಗುತ್ತದೆ. ದಪ್ಪ ಹಾಗೇ ಇದ್ದು ಹಲಗೆಯ ಉದ್ದಗಲ ಅರ್ಧಕ್ಕಿಳಿದರೆ ಅದರ ಸಹಜ ಸ್ವರ ನಾಲ್ಕು ಪಟ್ಟು ಏರುತ್ತದೆ. ಅದನ್ನು ಕೆಳಗೆ ತರಲು ಯುಕುಲೇಲಿ ಮಾಡುವವರು ಹಲಗೆಯನ್ನು 2 ಮಿಲಿಮೀಟರಿಗೂ ಕೆಳಕ್ಕೆ ಹೆರೆಯುತ್ತಾರೆ. ದೊಡ್ಡ ಗಿಟಾರಿನಲ್ಲಿ ಮುಚ್ಚಿಹೋಗುವ ತಪ್ಪು ಇಲ್ಲಿ ಕೂಗಿ ಹೇಳುತ್ತದೆ. ಎರಡು ಮರಗಳ ಸರಾಸರಿ ಗುಣಗಳ ನಡುವಿನ ಅಂತರವನ್ನು ಒಬ್ಬ ಕುಶಲಿ ಕೆಲವು ನಿಮಿಷಗಳಲ್ಲಿ ಅಳಿಸಿಬಿಡಬಲ್ಲ. ಹಲಗೆಯ ಮೇಲೆ ಮರಳು ಉದುರಿಸಿ, ಅದುರಿದಾಗ ಮೂಡುವ ಗೆರೆಗಳನ್ನು ಜರ್ಮನಿಯ ಕ್ಲಾಡ್ನಿ ತೋರಿಸಿಕೊಟ್ಟದ್ದು 1787ರಲ್ಲಿ. ಸುಮಾರು ಎರಡು ಶತಮಾನದ ಬಳಿಕ ಅಮೆರಿಕದ ಶಾಲಾ ಶಿಕ್ಷಕಿ ಕಾರ್ಲೀನ್ ಹಚಿನ್ಸ್ ಅದೇ ಉಪಾಯದಿಂದ ಪಿಟೀಲಿನ ಹಲಗೆಗಳನ್ನು ಎಲ್ಲಿ ಎಷ್ಟು ಹೆರೆಯಬೇಕೆಂದು ಕಂಡುಕೊಂಡರು. ಆಕೆಯ ಅಡುಗೆಮನೆಯೇ ಕಾರ್ಯಾಗಾರವಾಗಿತ್ತು.

ಬೀಟೆಗೆ ಕೈಹಾಕಿದವರ ಕಷ್ಟ ಬೇರೆ. ಅದರ ಎಳೆಗಳು ಒಂದು ಪದರದಲ್ಲಿ ಆ ಕಡೆಗೆ, ಇನ್ನೊಂದರಲ್ಲಿ ಈ ಕಡೆಗೆ ಓರೆಯಾಗಿರುತ್ತವೆ. ಹತ್ತರಿ ಯಾವ ದಿಕ್ಕಿಗೆ ಓಡಿದರೂ ಒಂದಿಷ್ಟು ಎಳೆ ಕಿತ್ತುಬರುತ್ತದೆ. ಮರದ ರಂಧ್ರಗಳಲ್ಲಿ ಅಲ್ಲಲ್ಲಿ ಸುಣ್ಣದಂಥ ಗಸಿ ಕೂತಿರುತ್ತದೆ. ಬೆಳಿಗ್ಗೆ ಮಸೆದ ಅಲಗು ಮಧ್ಯಾಹ್ನಕ್ಕೆ ಮೊಂಡಾಗುವುದು ಅದರಿಂದ. ಅದಕ್ಕೇ ಕೊನೆಯ ಹಂತದಲ್ಲಿ ಹತ್ತರಿ ಬಿಟ್ಟು ಉಕ್ಕಿನ ತೆಳು ತಗಡು ಹಿಡಿಯುತ್ತಾರೆ. ಅದರ ಅಂಚನ್ನು ಗಟ್ಟಿ ಉಕ್ಕಿನಿಂದ ತೀಡಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆ ಏಳುತ್ತದೆ. ಕೊಕ್ಕೆ ಕಚ್ಚುವ ಪದರ ತೀರ ತೆಳುವಾದ್ದರಿಂದ ಎಳೆ ಸೀಳಿ ಬರಲು ಬಲವೇ ಸಿಗುವುದಿಲ್ಲ. ಮರಳುಕಾಗದದಲ್ಲಿ ಉಜ್ಜಿದರೂ ನುಣುಪಾಗುತ್ತದೆ, ಆದರೆ ಕಪ್ಪು ಪುಡಿ ಪಕ್ಕದ ಬಿಳಿ ಸ್ಪ್ರೂಸಿನ ಎಳೆಗಳ ನಡುವೆ ಇಳಿದು ಕಲೆ ಮಾಡುತ್ತದೆ. ಅದೇ ಪುಡಿ ಚರ್ಮಕ್ಕೆ ತಾಗಿದರೆ ಕೆಲವರಿಗೆ ತುರಿಕೆ ಏಳುತ್ತದೆ.

ತುರಿಕೆಗೆ ಕಾರಣ ಡಾಲ್ಬರ್ಜಿಯೋನ್ ಎಂಬ ರಾಸಾಯನಿಕಗಳ ಗುಂಪು. ಬೀಟೆ ಇಂಥವನ್ನು ತನ್ನ ಕೆಚ್ಚಿನಲ್ಲಿ ತುಂಬಿಕೊಳ್ಳುವುದು ಹುಳ, ಶಿಲೀಂಧ್ರಗಳು ಹತ್ತಿರ ಸುಳಿಯದಿರಲೆಂದು. ಮೆರುಗು ಕೊಡುವವರಿಗೆ ಇದೇ ತಲೆನೋವು. ಅಗಸೆಯೆಣ್ಣೆಯಂಥ ಎಣ್ಣೆಗಳು ‘ಒಣಗುವುದು’ ನೀರು ಆರಿದ ಹಾಗಲ್ಲ. ಗಾಳಿಯ ಆಮ್ಲಜನಕ ಸೇರಿ, ಅಣುಗಳು ಒಂದನ್ನೊಂದು ಕೈಹಿಡಿದು ಸರಪಳಿಯಾಗಿ ಗಟ್ಟಿಯಾಗುತ್ತವೆ. ಬೀಟೆಯೊಳಗಿನ ಫೀನಾಲುಗಳು ಮತ್ತು ಅವುಗಳ ಬಳಗ ಆ ಸರಪಳಿಯನ್ನು ನಡುವೆಯೇ ಕಡಿಯುತ್ತವೆ. ಎಣ್ಣೆ ಬಳಿದ ಬೀಟೆ ವಾರಗಟ್ಟಲೆ ಜಿಗಿಜಿಗಿ ಎನ್ನುವುದು ಅದಕ್ಕೆ. ಇಲ್ಲಿ ಕೈಹಿಡಿಯುವುದು ಅರಗು. ಅರಗಿನ ಹುಳದ ಸ್ರಾವವನ್ನು ಶುದ್ಧಮಾಡಿ ತೆಗೆದ ಶೆಲ್ಯಾಕ್ ಮದ್ಯಸಾರದಲ್ಲಿ ಕರಗುತ್ತದೆ. ಮದ್ಯಸಾರ ಹಾರಿಹೋಯಿತೆಂದರೆ ಪೊರೆ ಉಳಿಯಿತು. ಸರಪಳಿಯ ಹಂಗೇ ಇಲ್ಲದ್ದರಿಂದ ಬೀಟೆಯ ಕಿತಾಪತಿ ನಡೆಯುವುದಿಲ್ಲ. ಹತ್ತಿಯ ಉಂಡೆಯನ್ನು ಬಟ್ಟೆಯಲ್ಲಿ ಸುತ್ತಿ, ಅರಗಿನ ದ್ರವದಲ್ಲಿ ಒದ್ದೆಮಾಡಿ, ಒಂದು ಚಿಟಿಕೆ ಪ್ಯುಮಿಸ್ ಕಲ್ಲಿನ ಪುಡಿ ಹಾಕಿ ಸುತ್ತು ಸುತ್ತಾಗಿ ಉಜ್ಜುತ್ತಾರೆ. ಪ್ಯುಮಿಸ್ ಪುಡಿ ಮರವನ್ನೇ ಕೊಂಚ ತೇಯ್ದು, ಆ ತೇಯ್ದ ಧೂಳನ್ನೇ ಅರಗಿನೊಂದಿಗೆ ರಂಧ್ರಗಳಿಗೆ ಮೆತ್ತುತ್ತದೆ. ಹಲವು ದಿನ ಹೀಗೆ ಬಳಿದರೂ ಪೊರೆಯ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಪಾಲನ್ನು ಮುಟ್ಟುವುದಿಲ್ಲ. ಮೊರಕ್ಕೆ ಮೆಂತ್ಯದ ಹಿಟ್ಟು, ಸಗಣಿ ಸಾರಿಸುವಾಗಲೂ ಸಂದು ಮುಚ್ಚುವಷ್ಟೇ ಬಳಿಯುತ್ತಾರಲ್ಲವೆ? ಹೆಚ್ಚಾದರೆ ಮೊರ ಭಾರ. ಕಾರ್ಖಾನೆಯ ಅಗ್ಗದ ಯುಕುಲೇಲಿಗಳ ಮೇಲೆ ಗಾಜಿನಂತೆ ಹೊಳೆಯುವ ದಪ್ಪ ಪ್ಲಾಸ್ಟಿಕ್ ಪೊರೆ ಇರುತ್ತದೆ. ಅಂಗಡಿಯವರು ಅದರ ಬಗ್ಗೆ ಮಾತೇ ಎತ್ತುವುದಿಲ್ಲ.

ಮತ್ತೆ ನಾದಕ್ಕೆ ಬರೋಣ. ಮೈಸೂರು ಶೈಲಿಯ ವೀಣೆಗೂ ಬೀಟೆ ಬಳಸುತ್ತಾರೆ, ತಂಜಾವೂರಿನವರು ಹಲಸನ್ನು ನೆಚ್ಚಿದ್ದಾರೆ. ಎರಡನ್ನೂ ವೀಣೆ ಎಂದು ಗುರುತಿಸಲು ನಮ್ಮ ಕಿವಿಗೆ ಅರೆಕ್ಷಣ ಸಾಕು, ಪಿಟೀಲೆಂದು ಯಾರೂ ತಪ್ಪು ತಿಳಿಯರು. ಈ ಗುರುತಿನ ಗುಟ್ಟನ್ನು 1921ರಲ್ಲಿ ಬಯಲಿಗಿಟ್ಟವರು ಸಿ. ವಿ. ರಾಮನ್. ತಂತಿಯನ್ನು ಎಲ್ಲಿ ಮೀಟಿದರೆ ಯಾವ ಉಪಸ್ವರ ಹುಟ್ಟಬಾರದೆಂದು ಯುರೋಪಿನ ಪುಸ್ತಕಗಳು ಹೇಳುತ್ತಿದ್ದವೋ, ವೀಣೆ ಮತ್ತು ತಂಬೂರಿಯಲ್ಲಿ ಅವೂ ಸ್ಪಷ್ಟವಾಗಿ ಕೇಳುತ್ತಿದ್ದವು. ಕಾರಣ ಮರವಲ್ಲ, ಕುದುರೆ. ಅದು ಚೂಪಾದ ಅಂಚಲ್ಲ, ಹಗುರಾಗಿ ಬಾಗಿದ ಅಗಲ ಮೈ. ತಂತಿ ಅದುರುವಾಗ ಆ ಬಾಗಿನ ಮೇಲೆ ಸುತ್ತಿಕೊಂಡು ಬಿಚ್ಚಿಕೊಳ್ಳುತ್ತದೆ. ವೀಣೆಯ ಕುದುರೆಯ ಮೇಲಿನ ಲೋಹದ ಪಟ್ಟಿಯನ್ನು ಅರದಿಂದ ತಿದ್ದುವವರ ಕೈ ಒಂದಿಷ್ಟು ತಪ್ಪಿದರೂ ನಾದ ಮಂಕಾಗುತ್ತದೆ ಅಥವಾ ಕರಕರ ಎನ್ನುತ್ತದೆ.

ಬೀಟೆಯ ಪರವಾಗಿ ಒಂದು ಮಾತು ಹೇಳಲೇಬೇಕು, ಅದು ನಾದದ ಮಾತಲ್ಲ. ಹಸಿಯಿಂದ ಪೂರ್ತಿ ಒಣಗುವವರೆಗೆ ಅದು ತಿರುಳಿನಿಂದ ತೊಗಟೆಯ ದಿಕ್ಕಿಗೆ ಕುಗ್ಗುವುದು ಸುಮಾರು ಶೇ 2.7, ವರ್ಷದುಂಗುರದ ಗುಂಟ ಶೇ 5.9. ಗಟ್ಟಿ ಮರಗಳಲ್ಲಿ ಇದು ಕಡಿಮೆಯೇ. ಜೂನಿನ ವಯನಾಡಿನಲ್ಲಿ ಗಾಳಿಯ ತೇವ ಶೇ 90ಕ್ಕೆ ಏರಿದರೆ, ತೆರೆದಿಟ್ಟ ಮರದೊಳಗಿನ ನೀರಿನಂಶ ಶೇ 12ರಿಂದ 20ರ ಕಡೆಗೆ ಸರಿಯುತ್ತದೆ. 20 ಸೆಂಟಿಮೀಟರ್ ಅಗಲದ ಬೆನ್ನು, ಉಂಗುರಗಳು ಮಲಗಿರುವಂತೆ ಕೊಯ್ದದ್ದಾದರೆ 3 ಮಿಲಿಮೀಟರು ಉಬ್ಬಬಹುದು. ಉಂಗುರಗಳು ನೆಟ್ಟಗೆ ನಿಲ್ಲುವಂತೆ ಕೊಯ್ದಿದ್ದರೆ ಅದರ ಅರ್ಧಕ್ಕೂ ಕಡಿಮೆ. ಅರಗಿನ ಪೊರೆ ತೇವವನ್ನು ನಿಧಾನಿಸುತ್ತದೆ, ತಡೆಯುವುದಿಲ್ಲ. ವಾದ್ಯದ ಒಳಮೈಗಂತೂ ಸಾಮಾನ್ಯವಾಗಿ ಅರಗು ಬಳಿಯುವುದೇ ಇಲ್ಲ. ಹಾಗಾಗಿ ಓದುಗರು ಅಂಗಡಿಯಲ್ಲಿ ಕೇಳಬೇಕಾದದ್ದು ಮರದ ಹೆಸರನ್ನಲ್ಲ. ವಾದ್ಯದ ಬೆನ್ನನ್ನು ಬೆಳಕಿಗೆ ಹಿಡಿದು ಗೆರೆಗಳು ನೇರವಾಗಿ, ಒತ್ತೊತ್ತಾಗಿ ಇವೆಯೇ ನೋಡಿ. ಮೇಲುಹಲಗೆ ಪ್ಲೈವುಡ್ಡೋ ಇಡೀ ಮರವೋ ಎಂದು ನಾದರಂಧ್ರದ ಅಂಚಿನಲ್ಲಿ ಪರೀಕ್ಷಿಸಿ. ಹಲಸಿನದೋ ಮಾವಿನದೋ ಸಿಕ್ಕರೆ ಅದನ್ನೂ ನುಡಿಸಿ ನೋಡಿ, ಕಣ್ಣು ಮುಚ್ಚಿಕೊಂಡು.