ಮೀಟರ್ 12.6 ತೋರಿಸ್ತದೆ, ಜ್ಯಾಕ್ ಮಾತ್ರ ಏಳೋದಿಲ್ಲ!

ಕ್ಯಾರವಾನ್ ಅಂದ್ರೆ ನಮ್ಮ ದೇಶದಲ್ಲಿ ಹೆಚ್ಚಾಗಿ ವ್ಯಾನ್ ಒಳಗೇ ಮನೆ ಇರುವ ಗಾಡಿ. ಅಮೆರಿಕದಲ್ಲಿ ಕಾರಿನ ಹಿಂದೆ ಎಳೆದುಕೊಂಡು ಹೋಗುವ ಟ್ರಾವೆಲ್ ಟ್ರೇಲರ್ ಕೂಡ ಬಹಳ ಸಾಮಾನ್ಯ. ಅಂಥದ್ದೊಂದು ಟ್ರೇಲರ್ ಬಾಗಲಕೋಟೆಯಿಂದ ಹೊರಟು ಬಾದಾಮಿ, ಹುನಗುಂದ, ಇಳಕಲ್ ಸುತ್ತಿತು ಎಂದುಕೊಳ್ಳೋಣ. ಪ್ರತಿ ಊರಲ್ಲೂ ಗಾಡಿ ನಿಲ್ಲಿಸಿದ ಮೇಲೆ ಮೊದಲ ಕೆಲಸ ಅದನ್ನು ಮಟ್ಟ ಮಾಡೋದು. ಬಟನ್ ಒತ್ತಿದರೂ ಮಟ್ಟ ಆಗದಿದ್ದರೆ ಎಲ್ಲಿಂದ ಹುಡುಕಬೇಕು?

ನಾವ್ಯಾರೂ ಸದ್ಯಕ್ಕೆ ಟ್ರೇಲರ್ ಕೊಳ್ಳೋರಲ್ಲ ಬಿಡಿ. ಆದರೆ ಅದರಲ್ಲಿರುವ 12 ವೋಲ್ಟ್ ಬ್ಯಾಟರಿ, ಡಿಸಿ ಮೋಟಾರ್, ರಿಲೇ ನಮ್ಮ ಬೈಕಿನಲ್ಲೂ ಇವೆ, ಹೊಲದ ಟ್ರ್ಯಾಕ್ಟರ್‌ನಲ್ಲೂ ಇವೆ. ದೋಷ ಹುಡುಕುವ ದಾರಿಯೂ ಒಂದೇ.

ಮಟ್ಟ ಯಾಕೆ ಬೇಕು?

6 ಮೀಟರ್ ಉದ್ದದ ಟ್ರೇಲರ್ ಒಂದೇ ಒಂದು ಡಿಗ್ರಿ ವಾಲಿದರೂ ಎರಡು ತುದಿಗಳ ನಡುವೆ ಸುಮಾರು 10 ಸೆಂ.ಮೀ. ವ್ಯತ್ಯಾಸ ಬರುತ್ತದೆ. ಬಾಗಿಲು ತಾನೇ ತೆರೆದುಕೊಳ್ಳುತ್ತದೆ, ಸಿಂಕಿನ ನೀರು ಹರಿದುಹೋಗೋದಿಲ್ಲ. ಅನೇಕ ಟ್ರೇಲರ್‌ಗಳಲ್ಲಿ ಗ್ಯಾಸ್‌ನಿಂದ ನಡೆಯುವ ಅಬ್ಸಾರ್ಪ್ಶನ್ ಫ್ರಿಜ್ ಇರುತ್ತದೆ. ಅದರಲ್ಲಿ ಕಂಪ್ರೆಸರ್ ಇಲ್ಲ, ಅಮೋನಿಯಾ ದ್ರಾವಣ ಗುರುತ್ವದಿಂದಲೇ ಕೆಳಗೆ ಹರಿಯಬೇಕು. ವಾಲಿದ ಗಾಡಿಯಲ್ಲಿ ಬಹಳ ಹೊತ್ತು ನಡೆಸಿದರೆ ಫ್ರಿಜ್ಜೇ ಹಾಳಾಗಬಹುದು.

ವ್ಯವಸ್ಥೆ ಸರಳ. ಎತ್ತು ಬಿಚ್ಚಿದ ಮೇಲೆ ಚಕ್ಕಡಿಯ ಮೂಕಿ ನೆಲಕ್ಕೆ ಬೀಳದಂತೆ ಊರುಗೋಲು ಕೊಡ್ತಾರಲ್ಲ, ಹಾಗೆ ಟ್ರೇಲರ್ ಮೂತಿಗೆ ಒಂದು ಜ್ಯಾಕ್, ಮೂಲೆಗಳಿಗೆ ನಾಲ್ಕು. ಪ್ರತಿ ಜ್ಯಾಕಿನಲ್ಲಿ ಡಿಸಿ ಮೋಟಾರ್, ಗೇರ್, ಉದ್ದನೆಯ ಸ್ಕ್ರೂ. ಗಾಡಿ ಎಷ್ಟು ವಾಲಿದೆ ಎಂದು ಸೆನ್ಸಾರ್ ಹೇಳುತ್ತದೆ. ಯಾವ ಕಾಲು ಎಷ್ಟು ಏಳಬೇಕು ಎಂದು ಕಂಟ್ರೋಲರ್ ನಿರ್ಧರಿಸುತ್ತದೆ. ಕಾಲು ನೆಲ ಮುಟ್ಟಿತೋ ಇಲ್ಲವೋ ಅನ್ನೋದನ್ನು ಅನೇಕ ಕಂಟ್ರೋಲರ್‌ಗಳು ಮೋಟಾರ್ ಎಳೆಯುವ ಕರೆಂಟಿನಿಂದಲೇ ತಿಳಿಯುತ್ತವೆ. ಭಾರ ಬಿದ್ದರೆ ಕರೆಂಟ್ ಏರುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲು ನೆಲ ನೋಡ್ರಿ

ಬಾದಾಮಿಯ ಮರಳುಗಲ್ಲಿನ ಬಂಡೆ ಗಟ್ಟಿ, ಆದರೆ ಇಳಿಜಾರು. ಜ್ಯಾಕಿನ ಉದ್ದ ಮುಗಿದರೂ ಮಟ್ಟ ಬರದಿದ್ದರೆ ಅದು ದೋಷವಲ್ಲ, ಜಾಗ ಬದಲಿಸಬೇಕು. ಹುನಗುಂದದ ಎರೆ ನೆಲದ ಕಥೆ ಬೇರೆ. ಮಳೆ ಬಿದ್ದ ಎರೆ ಮಣ್ಣಿನಲ್ಲಿ ಕಾಲು ಹೂತುಹೋಗುತ್ತದೆ. ಕರೆಂಟ್ ಏರೋದೇ ಇಲ್ಲ. ನೆಲ ಇನ್ನೂ ಸಿಕ್ಕಿಲ್ಲ ಅಂತ ಕಂಟ್ರೋಲರ್ ಕಾಲನ್ನು ಇಳಿಸುತ್ತಲೇ ಹೋಗಿ ಕೊನೆಗೆ ಎರರ್ ತೋರಿಸುತ್ತದೆ. ಇಲ್ಲಿ ಮೋಟಾರ್ ಬಿಚ್ಚಿ ಉಪಯೋಗವಿಲ್ಲ.

ಲೆಕ್ಕ ನೋಡಿ. ಒಂದು ಕಾಲಿನ ಮೇಲೆ 600 ಕೆ.ಜಿ. ಭಾರ, ಪಾದ 20 × 20 ಸೆಂ.ಮೀ. ಇದ್ದರೆ ಪ್ರತಿ ಚದರ ಸೆಂ.ಮೀ.ಗೆ 1.5 ಕೆ.ಜಿ. ಕೆಳಗೆ 40 × 40 ಸೆಂ.ಮೀ.ನ ದಪ್ಪ ಹಲಗೆ ಕೊಟ್ಟರೆ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ಇಳಕಲ್‌ನಲ್ಲಿ ಗ್ರಾನೈಟ್ ತುಂಡಿಗೆ ಬರವಿಲ್ಲ, ಆದರೂ ತೆಳು ಸ್ಲ್ಯಾಬ್ ಇಡಬೇಡಿ. ಅಡಿಯ ಮಣ್ಣು ಒಂದು ಕಡೆ ಕುಸಿದರೆ ಕಲ್ಲು ಬಾಗೋದಿಲ್ಲ, ಒಡೆಯುತ್ತದೆ.

ಎಷ್ಟು ಕಾಲು ಕೈಕೊಟ್ಟಿವೆ?

ನೆಲ ಸರಿಯಿದೆ ಅಂದ್ರೆ ಮುಂದಿನ ಪ್ರಶ್ನೆ ಇದು. ಐದೂ ಜ್ಯಾಕ್ ಒಟ್ಟಿಗೆ ಕೈಕೊಟ್ಟರೆ ಐದು ಮೋಟಾರ್ ಒಂದೇ ದಿನ ಸುಟ್ಟಿರೋದಿಲ್ಲ. ಐದಕ್ಕೂ ಸೇರಿದ ಜಾಗವನ್ನೇ ನೋಡಬೇಕು: ಬ್ಯಾಟರಿ, ಮುಖ್ಯ ಫ್ಯೂಸ್, ಅರ್ಥಿಂಗ್, ಕಂಟ್ರೋಲರ್. ಒಂದೇ ಕಾಲು ನಿಂತಿದ್ದರೆ ಆ ಕಾಲಿನ ವೈರ್, ಕನೆಕ್ಟರ್, ಮೋಟಾರ್, ಸ್ಕ್ರೂ. ಎಲ್ಲ ಕಾಲು ಓಡಾಡಿಯೂ ಗಾಡಿ ವಾಲಿಕೊಂಡೇ ನಿಂತರೆ ಸೆನ್ಸಾರ್.

ಮೀಟರ್ ಮೋಸ ಮಾಡೋದು ಇಲ್ಲೇ

ಬಟನ್ ಒತ್ತಿದರೆ ರಿಲೇ ಟಕ್ ಟಕ್ ಅನ್ನುತ್ತದೆ, ಜ್ಯಾಕ್ ಏಳೋದಿಲ್ಲ. ಚಳಿಗಾಲದ ಬೆಳಿಗ್ಗೆ ಬೈಕಿನ ಸೆಲ್ಫ್ ಒತ್ತಿದಾಗ ಕೇಳುವ ಅದೇ ಸದ್ದು. ಬ್ಯಾಟರಿಗೆ ಮೀಟರ್ ಹಿಡಿದರೆ 12.6 ವೋಲ್ಟ್, ಅಂದ್ರೆ ಫುಲ್ ಚಾರ್ಜ್. ಅಲ್ಲಿಗೆ ಹೆಚ್ಚಿನವರು "ಬ್ಯಾಟರಿ ಸರಿ ಐತಿ, ಮೋಟಾರ್ ಹೋಗೇತಿ" ಅಂತ ತೀರ್ಪು ಕೊಟ್ಟು ಹೊಸ ಮೋಟಾರ್‌ಗೆ ಆರ್ಡರ್ ಹಾಕ್ತಾರೆ.

ಓಮ್‌ನ ನಿಯಮ ಹಚ್ಚಿ ನೋಡೋಣ. ಚಾಸಿಸ್‌ಗೆ ಬಿಗಿದ ಅರ್ಥಿಂಗ್ ಬೋಲ್ಟ್ ತುಕ್ಕು ಹಿಡಿದು ಅಲ್ಲಿ 0.05 ಓಮ್ ಸೇರಿಕೊಂಡಿದೆ, ಮೋಟಾರ್ ಎಳೆಯೋದು 30 ಆಂಪ್ ಎಂದು ಹಿಡಿಯಿರಿ. 30 × 0.05 = 1.5 ವೋಲ್ಟ್ ಆ ಬೋಲ್ಟಿನಲ್ಲೇ ಹೋಯ್ತು. ಎರಡು ಜ್ಯಾಕ್ ಒಟ್ಟಿಗೆ ನಡೆದರೆ 3 ವೋಲ್ಟ್. ಜೊತೆಗೆ ಒಂದು ಜ್ಯಾಕ್ ನಡೆದಾಗಲೇ ಅಲ್ಲಿ ಹುಟ್ಟುವ ಶಾಖ 45 ವ್ಯಾಟ್. ನಮ್ಮ ಲ್ಯಾಬಿನ ಸೋಲ್ಡರಿಂಗ್ ಐರನ್ 25 ವ್ಯಾಟ್‌ನದು!

ಬಟನ್ ಒತ್ತದೇ ಅಳೆದಾಗ ಕರೆಂಟೇ ಹರಿಯುತ್ತಿರಲಿಲ್ಲ, ಆದ್ದರಿಂದ ಈ ನಷ್ಟ ಕಾಣಲಿಲ್ಲ. ಕಂಟಿನ್ಯುಟಿ ಇಟ್ಟರೂ ಬೀಪ್ ಬರುತ್ತದೆ. ಸಾಮಾನ್ಯ ಮೀಟರ್‌ನ ವೈರ್‌ಗಳ ರೆಸಿಸ್ಟೆನ್ಸೇ 0.05 ಓಮ್‌ಗಿಂತ ಹೆಚ್ಚಿರುತ್ತದೆ, ಅದಕ್ಕೆ ಈ ದೋಷ ಹೇಗೆ ಕಾಣಬೇಕು?

ಸರಿಯಾದ ವಿಧಾನ ಹೀಗೆ. ಮೀಟರ್ ಅನ್ನು ಡಿಸಿ ವೋಲ್ಟ್‌ಗೆ ಇಡಿ. ಒಂದು ವೈರ್ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಮೋಟಾರಿನ ನೆಗೆಟಿವ್‌ಗೆ. ಈಗ ಗೆಳೆಯನಿಗೆ ಬಟನ್ ಒತ್ತಲು ಹೇಳಿ. ಮೋಟಾರ್ ತಿರುಗುವಾಗ ಅಥವಾ ತಿರುಗಲು ಒದ್ದಾಡುವಾಗ ಮೀಟರ್ ಸೊನ್ನೆಯ ಹತ್ತಿರವೇ ಇರಬೇಕು. ಅರ್ಧ ವೋಲ್ಟ್ ದಾಟಿದರೆ ಕಳ್ಳ ಆ ದಾರಿಯಲ್ಲೇ ಇದ್ದಾನೆ. ಬೋಲ್ಟ್ ಬಿಚ್ಚಿ, ಎಮರಿ ಪೇಪರ್‌ನಿಂದ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಹಚ್ಚಿ. ಪಾಸಿಟಿವ್ ಕಡೆಗೂ ಇದೇ ಪರೀಕ್ಷೆ. ಬ್ಯಾಟರಿಯ ಎರಡು ತುದಿಗಳನ್ನೂ ಬಟನ್ ಒತ್ತಿಯೇ ಅಳೆಯಿರಿ. 12.6 ಇದ್ದದ್ದು 10ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಸೋತಿದೆ.

ಒಂದೇ ಕಾಲು ನಿಂತಿದ್ದರೆ

ಕೆಟ್ಟ ಮೂಲೆಯ ಕನೆಕ್ಟರನ್ನು ಒಳ್ಳೆ ಮೂಲೆಯದರೊಂದಿಗೆ ಅದಲು ಬದಲು ಮಾಡಿ. ದೋಷ ಮೋಟಾರ್ ಜೊತೆ ಹೋದರೆ ಮೋಟಾರ್ ಅಥವಾ ಸ್ಕ್ರೂ ಕೆಟ್ಟಿದೆ, ವೈರ್ ಜೊತೆ ಉಳಿದರೆ ವೈರ್ ಅಥವಾ ಬೋರ್ಡ್. ಸ್ಕ್ರೂ ಮೇಲಿನ ಹಳೇ ಗ್ರೀಸ್‌ಗೆ ರಸ್ತೆಯ ಧೂಳು ಕೂತಿದ್ದರೆ ಅದು ಗ್ರೀಸ್ ಅಲ್ಲ, ಮಸೆಯುವ ಪುಡಿ. ಮೋಟಾರ್ ತಿಣುಕಿದಾಗ ಕರೆಂಟ್ ಏರುತ್ತದೆ, ಕಾಲು ಗಾಳಿಯಲ್ಲಿದ್ದರೂ "ನೆಲ ಸಿಕ್ಕಿತು" ಅಂತ ಕಂಟ್ರೋಲರ್ ನಿಲ್ಲಿಸುತ್ತದೆ. ಒರೆಸಿ ಹೊಸ ಗ್ರೀಸ್ ಹಚ್ಚಿದರೆ ಎಷ್ಟೋ ಸಲ ಸಾಕು.

ಸೆನ್ಸಾರ್‌ಗೆ ಗೌಂಡಿಯ ರಸಮಟ್ಟವೇ ಗುರು. ಅದನ್ನು ಒಳಗಿನ ನೆಲದ ಮೇಲೆ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಇಟ್ಟು, ಕೈಯಾರೆ ಬಟನ್ ಒತ್ತಿ ಮಟ್ಟ ಮಾಡಿ, ಕೈಪಿಡಿಯಲ್ಲಿ ಹೇಳಿದಂತೆ ಅದೇ ಸ್ಥಿತಿಯನ್ನು ಸೊನ್ನೆ ಎಂದು ಸೇವ್ ಮಾಡಿ.

ಇದೆಲ್ಲಕ್ಕೂ ಮೊದಲು ಒಂದು ನಿಯಮ. ಕಾರು ಬಿಚ್ಚುವ ಮುಂಚೆ ಟ್ರೇಲರ್ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಬರೀ ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಸುಳಬೇಡಿ, ಒಂದು ನಿಮಿಷದ ಕೆಲಸವಾದರೂ ಸರಿ. ಕತ್ತಲಾಗಿ ದೋಷ ಸಿಗದಿದ್ದರೆ ಅವಸರ ಬೇಡ. ಬಹಳಷ್ಟು ಜ್ಯಾಕ್‌ಗಳಲ್ಲಿ ಕೈಯಿಂದ ತಿರುಗಿಸುವ ಹ್ಯಾಂಡಲ್ ಅಥವಾ ನಟ್ ಇರುತ್ತದೆ.

ಬೋಲ್ಟ್ ಉಜ್ಜಲು ಬೇಕಾದದ್ದು ಒಂದು ತುಂಡು ಎಮರಿ ಪೇಪರ್. ಸುಮ್ಮನೆ ಬದಲಿಸಿದ ಮೋಟಾರಿಗೆ ಸಾವಿರಾರು ರೂಪಾಯಿ, ಅದನ್ನು ಹಾಕಿದ ಮೇಲೂ ಜ್ಯಾಕ್ ಏಳೋದಿಲ್ಲ. ನಾಳೆ ನಮ್ಮನ್ನು ನಂಬಿ ಗಾಡಿ, ಪಂಪ್, ಮಷಿನ್ ತಂದು ಮುಂದೆ ನಿಲ್ಲಿಸುವವರು ಇರ್ತಾರೆ. ಅವರ ದುಡ್ಡು ಖರ್ಚು ಮಾಡಿಸುವ ಮುಂಚೆ ಲೋಡ್ ಕೊಟ್ಟು ಒಮ್ಮೆ ಅಳೆಯೋಣ.