ವಾಯುವಿನ ಭಾರವನ್ನು ಅಳೆದ ಬಗೆ

ವಿಜ್ಞಾನದ ಪಾಠವನ್ನು ಓದಿದ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಪಾದರಸದ ಕೊಳವೆಯ ನೆನಪು ಇದ್ದೇ ಇರುವುದು. ಒಂದು ತುದಿ ಮುಚ್ಚಿದ ಉದ್ದವಾದ ಗಾಜಿನ ಕೊಳವೆಯಲ್ಲಿ ಪಾದರಸವನ್ನು ತುಂಬಿ, ಬಾಯನ್ನು ಬೆರಳಿನಿಂದ ಒತ್ತಿ ಹಿಡಿದು, ಪಾದರಸವಿರುವ ಬಟ್ಟಲಿನಲ್ಲಿ ತಲೆಕೆಳಗಾಗಿ ನಿಲ್ಲಿಸಿ ಬೆರಳನ್ನು ತೆಗೆದರೆ, ಪಾದರಸವು ತುಸು ಇಳಿದು, ಸಮುದ್ರತೀರದ ಊರುಗಳಲ್ಲಾದರೆ ಸುಮಾರು 30 ಅಂಗುಲದ ಎತ್ತರದಲ್ಲಿ ನಿಂತುಬಿಡುವುದು. ಅದನ್ನು ಬೀಳದಂತೆ ಹಿಡಿದಿರುವುದು ಯಾವುದು? ಮೇಲೆ ಬರಿದಾಗಿ ಕಾಣುವ ಸ್ಥಳದಲ್ಲಿರುವುದೇನು? ಪರೀಕ್ಷೆಗೆ ಬಾಯಿಪಾಠ ಮಾಡುವವರಿಗೆ ಇದರ ಉತ್ತರವು ಒಂದೇ ಸಾಲಿನದು. ಆ ಸಾಲು ಸ್ಥಿರಪಟ್ಟ ಬಗೆಯನ್ನು ಇಲ್ಲಿ ಸ್ವಲ್ಪ ವಿವರಿಸುವೆವು.

ಶೂನ್ಯಸ್ಥಳವೆಂಬುದು ಇರಲಾರದೆಂದು ಅರಿಸ್ಟಾಟಲನ ಮತವನ್ನು ಅನುಸರಿಸಿದ ಪಂಡಿತರು ಬಹುಕಾಲ ಬೋಧಿಸುತ್ತಿದ್ದರು. ಪಂಪಿನ ದಂಡವನ್ನೆತ್ತಿದಾಗ ನೀರು ಹಿಂದೆಯೇ ಏರಿಬರುವುದೇಕೆಂದರೆ, ಪ್ರಕೃತಿಗೆ ಶೂನ್ಯವೆಂದರೆ ಭಯವಂತೆ! ಆದರೆ ಅಂಥ ಪಂಪು 34 ಅಡಿಗಳಷ್ಟು ನೀರನ್ನೆತ್ತಿದ ಮೇಲೆ, ಎಷ್ಟು ಎಳೆದರೂ ನೀರು ಮುಂದಕ್ಕೇರದು. ಗೆಲಿಲಿಯೋ 1638ರ ತನ್ನ ಗ್ರಂಥದಲ್ಲಿ ಈ ಮಿತಿಯನ್ನು ಎತ್ತಿ ಹೇಳಿದನು. ಪ್ರಕೃತಿಯ ಭಯವು ಅಡಿಗಳ ಲೆಕ್ಕದಲ್ಲಿ ಮುಗಿದುಹೋಗುವುದೆಂದರೆ ನಂಬುವುದು ಕಷ್ಟವೇ ಸರಿ. ಪಾದರಸವು ನೀರಿಗಿಂತ ಹದಿಮೂರೂವರೆ ಪಾಲು ಭಾರವಾದುದು. ಆದುದರಿಂದ ಅದು ಅಷ್ಟೇ ಪಾಲು ಕಡಿಮೆ ಎತ್ತರದಲ್ಲಿ ನಿಲ್ಲಬೇಕು. ಇದನ್ನು ತೋರಿಸಿಕೊಟ್ಟವನು ಟೊರಿಚೆಲ್ಲಿ. ನಾವು ವಾಯುವಿನ ಸಮುದ್ರದ ತಳದಲ್ಲಿ ಮುಳುಗಿ ಬಾಳುತ್ತಿದ್ದೇವೆ, ಬಟ್ಟಲಿನ ಮೇಲೆ ಒತ್ತುವ ಆ ವಾಯುವಿನ ಭಾರವೇ ಪಾದರಸವನ್ನು ಎತ್ತಿ ಹಿಡಿದಿದೆ, ಎಂಬ ಅಭಿಪ್ರಾಯವನ್ನು ಅವನು 1644ನೆಯ ಜೂನಿನಲ್ಲಿ ರೋಮಿನ ಸ್ನೇಹಿತನಿಗೆ ಬರೆದನು.

ಮಾತು ಚೆಂದವಾಗಿತ್ತು, ಆದರೆ ಎಲ್ಲರೂ ಒಪ್ಪಲಿಲ್ಲ. ಕೊಳವೆಯ ಮೇಲ್ಭಾಗದಲ್ಲಿ ಪಾದರಸದ ಆವಿಯಿರುವುದೆಂದು ಕೆಲವರು ವಾದಿಸಿದರು. ಪ್ರಕೃತಿಯ ಭಯವೇ ಮಿತವಾದುದೆಂದು ಮತ್ತೆ ಕೆಲವರು ಹೇಳಿದರು. ಇಂಥ ವಿವಾದಗಳನ್ನು ಬಾಯಿಮಾತಿನಿಂದ ಗೆದ್ದವರಿಲ್ಲ.

ಫ್ರಾನ್ಸ್ ದೇಶದ ಬ್ಲೇಸ್ ಪಾಸ್ಕಲನಿಗೆ ಆಗ ಇಪ್ಪತ್ತನಾಲ್ಕು ವರ್ಷ; ದೇಹಸ್ಥಿತಿ ಚೆನ್ನಾಗಿರಲಿಲ್ಲ. ನಾವು ವಾಯುಸಮುದ್ರದ ತಳದಲ್ಲಿರುವುದು ನಿಜವಾದರೆ, ಬೆಟ್ಟದ ಮೇಲೆ ಆ ಸಮುದ್ರದ ಆಳ ಕಡಿಮೆಯಾಗಿ, ಪಾದರಸವೂ ತಗ್ಗಿ ನಿಲ್ಲಬೇಕೆಂದು ಅವನು ಯೋಚಿಸಿದನು. ಅವನ ಅಕ್ಕ ಗಿಲ್ಬರ್ತಳ ಗಂಡನಾದ ಪೆರಿಯೆ ಎಂಬವನಿಗೆ ಕ್ಲೆರ್ಮೋಂ ಪಟ್ಟಣದಲ್ಲಿ ವಾಸ. ಪಕ್ಕದಲ್ಲೇ ಪುಯಿ ದ ದೋಮ್ ಪರ್ವತ. 1647ನೆಯ ನವೆಂಬರಿನಲ್ಲಿ ಪಾಸ್ಕಲನು ಭಾವನಿಗೆ ಪತ್ರ ಬರೆದು ಈ ಕೆಲಸವನ್ನು ಒಪ್ಪಿಸಿದನು. ಅದು ಕೈಗೂಡಿದ್ದು ಮರುವರ್ಷದ ಸೆಪ್ಟೆಂಬರ್ 19ರಂದು.

ಆ ಬೆಳಗ್ಗೆ ಪೆರಿಯೆಯೂ ಪಾದ್ರಿಗಳು, ಅಧಿಕಾರಿಗಳು, ವೈದ್ಯರು ಮುಂತಾದ ಸಂಗಡಿಗರೂ ಪಟ್ಟಣದ ತಗ್ಗಿನಲ್ಲಿದ್ದ ಮಿನಿಮ್ ಸನ್ಯಾಸಿಗಳ ತೋಟದಲ್ಲಿ ಕೂಡಿದರು. ಎರಡು ಕೊಳವೆಗಳನ್ನು ನಿಲ್ಲಿಸಿ ನೋಡಲು, ಎರಡರಲ್ಲಿಯೂ ಪಾದರಸವು 26 ಅಂಗುಲ ಮೂರೂವರೆ ಗೆರೆಯಷ್ಟಿತ್ತು. (ಅಂಗುಲದ ಹನ್ನೆರಡನೆಯ ಒಂದು ಪಾಲಿಗೆ ಗೆರೆಯೆಂದು ಹೆಸರು; ಫ್ರೆಂಚರ ಅಂಗುಲವು ಇಂಗ್ಲಿಷರದಕ್ಕಿಂತ ತುಸು ದೊಡ್ಡದು.) ಒಂದು ಕೊಳವೆಯನ್ನು ಅಲ್ಲಿಯೇ ಬಿಟ್ಟು, ದಿನವೆಲ್ಲಾ ಅದನ್ನು ನೋಡುತ್ತಿರುವಂತೆ ಶಾಸ್ತೇಂ ಎಂಬ ಸನ್ಯಾಸಿಯನ್ನು ಬೇಡಿಕೊಂಡು, ಉಳಿದವರು ಇನ್ನೊಂದನ್ನು ಹೊತ್ತು ಪರ್ವತವನ್ನೇರಿದರು. 3,000 ಅಡಿಗೂ ಮಿಕ್ಕಿ ಮೇಲಿದ್ದ ಶಿಖರದಲ್ಲಿ ಪಾದರಸವು 23 ಅಂಗುಲ ಎರಡು ಗೆರೆಗೆ ನಿಂತಿತು! ಅವರ ಆಶ್ಚರ್ಯಕ್ಕೆ ಪಾರವಿಲ್ಲದಾಯಿತು. ಅಲ್ಲಿನ ಚಿಕ್ಕ ದೇವಾಲಯದೊಳಗೆ, ಬಯಲಿನಲ್ಲಿ, ಗಾಳಿಯಲ್ಲಿ, ಮಂಜುಮಳೆಯಲ್ಲಿ ಹೀಗೆ ಐದು ಬಾರಿ ಅಳೆದರು. ವ್ಯತ್ಯಾಸ ತೋರಲಿಲ್ಲ. ಇಳಿಯುವಾಗ ನಡುದಾರಿಯಲ್ಲಿ ಅಳೆದರೆ 25 ಅಂಗುಲ. ತೋಟಕ್ಕೆ ಬಂದಾಗ ಮೊದಲಿನಂತೆಯೇ 26 ಅಂಗುಲ ಮೂರೂವರೆ ಗೆರೆ.

ಈ ಕಥೆಯನ್ನು ಹೇಳುವವರು ಶಿಖರವನ್ನೇ ಕೊಂಡಾಡುವರು. ನಮಗಾದರೋ ತೋಟದಲ್ಲಿ ಕುಳಿತಿದ್ದ ಶಾಸ್ತೇಂ ಸನ್ಯಾಸಿಯ ಕೆಲಸವು ಅದಕ್ಕೇನೂ ಕಡಿಮೆಯೆಂದು ತೋರುವುದಿಲ್ಲ. ಆ ದಿನ ಹವೆಯು ಒಂದೇ ಸಮನಾಗಿರಲಿಲ್ಲ. ಆದರೂ ತನ್ನ ಕೊಳವೆಯಲ್ಲಿ ಪಾದರಸವು ಬೆಳಗಿನಿಂದ ಸ್ವಲ್ಪವೂ ಕದಲಲಿಲ್ಲವೆಂದು ಅವನು ತಿಳಿಸಿದನು. ಅವನು ಕಾದಿರದಿದ್ದರೆ, ಹವೆ ಬದಲಾದುದರಿಂದಲೇ ಪಾದರಸವು ಇಳಿಯಿತೆಂದು ಪ್ರತಿವಾದಿಗಳು ಹೇಳಬಹುದಾಗಿತ್ತು.

ಮರುದಿನ ಪೆರಿಯೆಯು ಕ್ಲೆರ್ಮೋಂ ಪಟ್ಟಣದ ಮಹಾದೇವಾಲಯದ ಗೋಪುರವನ್ನೇರಿ ಅಳೆದಾಗ, ಅಷ್ಟು ಸಣ್ಣ ಎತ್ತರಕ್ಕೂ ಸುಮಾರು ಎರಡು ಗೆರೆಗಳ ಅಂತರ ಕಂಡಿತು. ಪಾಸ್ಕಲನು ತಾನೂ ಪ್ಯಾರಿಸಿನ ಗೋಪುರವೊಂದರಲ್ಲಿ ಪರೀಕ್ಷಿಸಿ ನೋಡಿದನು. ಪ್ರಕೃತಿಯು ಬೆಟ್ಟದ ಬುಡದಲ್ಲಿ ಹೆಚ್ಚಾಗಿ ಹೆದರಿ, ತುದಿಯಲ್ಲಿ ಕಡಿಮೆ ಹೆದರುವುದೆಂದು ಹೇಳಲಾದೀತೇ ಎಂಬುದು ಅವನ ಪ್ರಶ್ನೆ. ಪರ್ವತವನ್ನೇರದೆಯೂ ನಮ್ಮವರು ಇದನ್ನು ಕಾಣಬಹುದು: ಮಂಗಳೂರಿನಲ್ಲಿ ಸುಮಾರು 30 ಅಂಗುಲವಿರುವ ಪಾದರಸವು, ಸಮುದ್ರಮಟ್ಟಕ್ಕಿಂತ 3,000 ಅಡಿ ಎತ್ತರದ ಬೆಂಗಳೂರಿನಲ್ಲಿ ಸುಮಾರು 27 ಅಂಗುಲಕ್ಕೆ ನಿಲ್ಲುತ್ತದೆ.

ಬೆಟ್ಟವನ್ನೇರಿದಾಗ ಕಡಿಮೆಯಾಗುವ ವಾಯುವನ್ನು, ಇಂಗ್ಲೆಂಡಿನ ರಾಬರ್ಟ್ ಬಾಯಿಲನು ಮೇಜಿನ ಮೇಲೆಯೇ ಕಡಿಮೆಮಾಡಿ ತೋರಿಸಿದನು. ಹುಕ್ ಎಂಬ ಸಹಾಯಕನು ರಚಿಸಿದ ಪಂಪಿನಿಂದ ಗಾಜಿನ ಪಾತ್ರೆಯೊಳಗಿನ ವಾಯುವನ್ನು ಹೊರಗೆಳೆಯುತ್ತ ಬರಲು, ಒಳಗಿಟ್ಟ ಕೊಳವೆಯ ಪಾದರಸವು ಬಹುಮಟ್ಟಿಗೆ ಬಟ್ಟಲಿನ ಮಟ್ಟಕ್ಕೇ ಇಳಿದುಹೋಯಿತು. ವಾಯುವನ್ನು ಬಿಟ್ಟೊಡನೆ ಮತ್ತೆ ಏರಿತು. 1660ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಇನ್ನೊಂದು ಸಂಗತಿಯುಂಟು. ಅದೇ ಪಾತ್ರೆಯಲ್ಲಿ ಒಂದು ಪಕ್ಷಿಯನ್ನಿಟ್ಟು ವಾಯುವನ್ನು ತೆಗೆಯಲು ಅದು ಒದ್ದಾಡತೊಡಗಿತು. ನೋಡುತ್ತಿದ್ದ ಸ್ತ್ರೀಯರು ಮರುಗಿ, ಕೂಡಲೇ ವಾಯುವನ್ನು ಒಳಗೆ ಬಿಡುವಂತೆ ಬಾಯಿಲನನ್ನು ಒತ್ತಾಯಪಡಿಸಿದರು. ಅವನು ತಿರುಪನ್ನು ಸಡಿಲಿಸಿದನು, ಪಕ್ಷಿಯು ಚೇತರಿಸಿಕೊಂಡಿತು.